'ಟುಮಾರೋಲ್ಯಾಂಡ್': ಆಶಾವಾದದ ಚಿತ್ರಕ್ಕೆ ವಿಮರ್ಶಕರು ಅರ್ಧ ಮನಸ್ಸು ಕೊಟ್ಟದ್ದೇಕೆ?

ಬ್ರ್ಯಾಡ್ ಬರ್ಡ್ ನಿರ್ದೇಶನದ 'ಟುಮಾರೋಲ್ಯಾಂಡ್' 2015ರ ಮೇ 22ರಂದು ಅಮೆರಿಕದಲ್ಲಿ ತೆರೆಕಂಡಿತು. ಡಿಸ್ನಿ ಸಂಸ್ಥೆಯ ಹಣ, ಜಾರ್ಜ್ ಕ್ಲೂನಿಯಂತಹ ತಾರೆ, ಮಕ್ಕಳೊಂದಿಗೆ ಕುಳಿತು ನೋಡಬಹುದಾದ ಸಾಹಸ ಕಥೆ, ಮನುಷ್ಯಕುಲದ ಭವಿಷ್ಯದ ಬಗ್ಗೆ ಭರವಸೆಯ ಮಾತು, ಎಲ್ಲವೂ ಅದರಲ್ಲಿದ್ದವು. ಆದರೂ ಅದಕ್ಕೆ ಬಂದ ವಿಮರ್ಶೆಗಳನ್ನು 'ಮಿಶ್ರ ಪ್ರತಿಕ್ರಿಯೆ' ಎಂಬ ಎರಡು ಪದಗಳಲ್ಲಿ ಮುಗಿಸಿಬಿಡುವುದು ವಾಡಿಕೆಯಾಗಿದೆ. ಆ ವಿಮರ್ಶೆಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಕಾಣುವ ಚಿತ್ರ ಇನ್ನೂ ಕುತೂಹಲಕರ. ಹೊಗಳಿದವರೂ ತೆಗಳಿದವರೂ ಬಹುಮಟ್ಟಿಗೆ ಅವೇ ದೃಶ್ಯಗಳನ್ನು ಮೆಚ್ಚಿದ್ದಾರೆ, ಅವೇ ದೌರ್ಬಲ್ಯಗಳನ್ನು ಎತ್ತಿ ತೋರಿಸಿದ್ದಾರೆ. ಅವರು ಬೇರೆಯಾಗುವುದು ಯಾವುದಕ್ಕೆ ಎಷ್ಟು ತೂಕ ಕೊಡಬೇಕೆಂಬ ಲೆಕ್ಕದಲ್ಲಿ ಮಾತ್ರ.

ಮೊದಲು ಅಂಕಿಗಳನ್ನು ಅರ್ಥಮಾಡಿಕೊಳ್ಳೋಣ. ವಿಮರ್ಶೆಗಳನ್ನು ಒಟ್ಟುಗೂಡಿಸುವ ಜಾಲತಾಣ ರಾಟನ್ ಟೊಮ್ಯಾಟೋಸ್‌ನಲ್ಲಿ ಈ ಚಿತ್ರಕ್ಕೆ ಸಿಕ್ಕಿರುವುದು ಸುಮಾರು ಶೇ. 50, ಅಂಥದೇ ಇನ್ನೊಂದು ತಾಣ ಮೆಟಾಕ್ರಿಟಿಕ್‌ನಲ್ಲಿ ನೂರಕ್ಕೆ 60, ಬಿಡುಗಡೆಯ ಹೊತ್ತಿಗೇ ಚಿತ್ರಮಂದಿರದಲ್ಲಿ ಪ್ರೇಕ್ಷಕರ ಅಭಿಪ್ರಾಯ ಕೇಳುವ ಸಿನಿಮಾಸ್ಕೋರ್ ಸಮೀಕ್ಷೆಯಲ್ಲಿ 'ಬಿ' ದರ್ಜೆ. ಈ ಮೂರೂ ಬೇರೆ ಬೇರೆ ಸಂಗತಿಗಳನ್ನು ಅಳೆಯುತ್ತವೆ ಎಂಬುದನ್ನು ಓದುಗರು ಹೆಚ್ಚಾಗಿ ಗಮನಿಸುವುದಿಲ್ಲ. ರಾಟನ್ ಟೊಮ್ಯಾಟೋಸ್ ಪ್ರತಿ ವಿಮರ್ಶೆಯನ್ನೂ ಒಪ್ಪಿಗೆ ಅಥವಾ ತಿರಸ್ಕಾರ ಎಂದು ಎರಡೇ ರಾಶಿಗಳಲ್ಲಿ ಹಾಕಿ, ಒಪ್ಪಿಗೆಯ ಪಾಲು ಎಷ್ಟೆಂದು ಹೇಳುತ್ತದೆ. ಅದು ಪರೀಕ್ಷೆಯಲ್ಲಿ ಪಾಸಾದವರ ಶೇಕಡಾವಾರು ಇದ್ದಂತೆ, ತರಗತಿಯ ಸರಾಸರಿ ಅಂಕವಲ್ಲ. ಹಾಗಾಗಿ ಶೇ. 50 ಎಂದರೆ ಚಿತ್ರಕ್ಕೆ ನೂರಕ್ಕೆ ಐವತ್ತು ಅಂಕ ಬಂದಿದೆ ಎಂದು ಅರ್ಥವಲ್ಲ. ಇಬ್ಬರು ವಿಮರ್ಶಕರಲ್ಲಿ ಒಬ್ಬರು ನೋಡಬಹುದು ಎಂದರು, ಇನ್ನೊಬ್ಬರು ಬೇಡ ಎಂದರು, ಅಷ್ಟೆ. ಶೇ. 60ಕ್ಕಿಂತ ಕಡಿಮೆ ಬಂದರೆ ಅಲ್ಲಿ ಕೊಳೆತ ಟೊಮೆಟೊದ ಹಸಿರು ಗುರುತು ಬೀಳುವುದರಿಂದ, ಅಂಕಿಯನ್ನು ಮೇಲ್ಮೇಲೆ ನೋಡುವವರಿಗೆ ಚಿತ್ರ ಕೆಟ್ಟದ್ದೆಂಬ ಭಾವನೆ ಮೂಡುತ್ತದೆ.

ಮೆಟಾಕ್ರಿಟಿಕ್ ಹಾಗಲ್ಲ. ಅದು ಪ್ರತಿ ವಿಮರ್ಶೆಗೂ ಒಂದು ಅಂಕ ಕೊಟ್ಟು, ಕೆಲವು ಪತ್ರಿಕೆಗಳಿಗೆ ಹೆಚ್ಚು ತೂಕ ಹಾಕಿ ಸರಾಸರಿ ತೆಗೆಯುತ್ತದೆ. ಅಲ್ಲಿ 61ರಿಂದ ಮೇಲಕ್ಕೆ 'ಸಾಮಾನ್ಯವಾಗಿ ಅನುಕೂಲಕರ' ಎಂಬ ವರ್ಗ ಆರಂಭವಾಗುತ್ತದೆ. 'ಟುಮಾರೋಲ್ಯಾಂಡ್'ನ 60 ಎಂದರೆ ಹೊಸ್ತಿಲಿಗೆ ಬಂದು ಒಳಗೆ ಕಾಲಿಡದೆ ನಿಂತ ಅಂಕ. ಎರಡನ್ನೂ ಜೋಡಿಸಿ ನೋಡಿದರೆ, ತಿರಸ್ಕರಿಸಿದವರಲ್ಲಿಯೂ ಹಲವರು ಚಿತ್ರವನ್ನು ಪೂರ್ತಿ ತಳ್ಳಿಹಾಕಿರಲಿಲ್ಲ ಎಂದು ಊಹಿಸಬಹುದು. ಸಿನಿಮಾಸ್ಕೋರ್‌ನ 'ಬಿ' ಬೇರೆಯೇ ಕಥೆ ಹೇಳುತ್ತದೆ. ಆ ಸಮೀಕ್ಷೆಗೆ ಉತ್ತರಿಸುವವರು ಮೊದಲ ದಿನವೇ ಟಿಕೆಟ್ ಕೊಂಡು ಬಂದವರು, ಅಂದರೆ ಇಷ್ಟಪಡಬೇಕೆಂದೇ ಬಂದವರು. ಕುಟುಂಬದ ಚಿತ್ರಗಳಿಗೆ ಅಂಥವರಿಂದ 'ಎ' ಆಸುಪಾಸಿನ ದರ್ಜೆ ಸಿಗುವುದು ಸಾಮಾನ್ಯ. ಅದೇ ಬೇಸಿಗೆಯ 'ಇನ್‌ಸೈಡ್ ಔಟ್' ಚಿತ್ರಕ್ಕೆ 'ಎ' ಬಂದಿತ್ತು. ಆ ಹಿನ್ನೆಲೆಯಲ್ಲಿ 'ಬಿ' ಎಂಬುದು ಸೌಜನ್ಯದ ನಿರಾಸೆ.

ಕಥೆಯನ್ನು ಚುಟುಕಾಗಿ ಹೇಳುವುದಾದರೆ, 1964ರ ನ್ಯೂಯಾರ್ಕ್ ವಿಶ್ವಮೇಳಕ್ಕೆ ಫ್ರ್ಯಾಂಕ್ ವಾಕರ್ ಎಂಬ ಹುಡುಗ ತಾನೇ ತಯಾರಿಸಿದ, ಬೆನ್ನಿಗೆ ಕಟ್ಟಿಕೊಂಡು ಹಾರುವ ಯಂತ್ರವನ್ನು ಹೊತ್ತು ಬರುತ್ತಾನೆ. ಅಥೀನಾ ಎಂಬ ಹುಡುಗಿ ಅವನಿಗೆ 'ಟಿ' ಅಕ್ಷರವಿರುವ ಪುಟ್ಟ ಪಿನ್ ಕೊಟ್ಟು, ವಿಜ್ಞಾನಿಗಳೂ ಕಲಾವಿದರೂ ಗುಟ್ಟಾಗಿ ಕಟ್ಟಿಕೊಂಡ ಇನ್ನೊಂದು ಲೋಕಕ್ಕೆ ದಾರಿ ತೋರಿಸುತ್ತಾಳೆ. ಐದು ದಶಕಗಳ ನಂತರ ಫ್ಲಾರಿಡಾದ ಕೇಸಿ ನ್ಯೂಟನ್ ಎಂಬ ಹರೆಯದ ಹುಡುಗಿಗೆ ಅಂಥದೇ ಪಿನ್ ಸಿಗುತ್ತದೆ. ಅವಳ ತಂದೆ ನಾಸಾದ ಎಂಜಿನಿಯರ್. ಕೇಪ್ ಕೆನವೆರಲ್‌ನ ಉಡಾವಣಾ ಕಟ್ಟೆಯನ್ನು ಕೆಡವುತ್ತಿರುವುದರಿಂದ ಅವನ ಕೆಲಸ ಹೋಗುವುದರಲ್ಲಿದೆ, ಆ ಕೆಡವುವ ಕೆಲಸವನ್ನು ತಡೆಯಲು ಮಗಳು ರಾತ್ರಿ ಕದ್ದು ಹೋಗಿ ಯಂತ್ರಗಳನ್ನು ಕೆಡಿಸಿ ಬರುತ್ತಾಳೆ. ಮುಪ್ಪಿನತ್ತ ಸಾಗಿ ಕಹಿಯಾಗಿ ಕುಳಿತ ಫ್ರ್ಯಾಂಕ್, ಹುಮ್ಮಸ್ಸಿನ ಕೇಸಿ, ವಯಸ್ಸೇ ಆಗದ ಯಂತ್ರಮಾನವಿ ಅಥೀನಾ, ಈ ಮೂವರು ಆ ಲೋಕಕ್ಕೆ ಹೋಗಿ ಭೂಮಿಗೆ ಒದಗಿರುವ ವಿನಾಶವನ್ನು ತಡೆಯಬೇಕು. ಅಲ್ಲಿನ ಆಡಳಿತಗಾರ ಡೇವಿಡ್ ನಿಕ್ಸ್‌ನ ಪಾತ್ರದಲ್ಲಿ ಹ್ಯೂ ಲಾರಿ ಇದ್ದಾರೆ.

ಎಲ್ಲರೂ ಮೆಚ್ಚಿದ ಭಾಗ ಯಾವುದೆಂದರೆ ಪಿನ್ ಮುಟ್ಟುವ ದೃಶ್ಯ. ಕೇಸಿ ಅದನ್ನು ಮುಟ್ಟಿದ ಕ್ಷಣವೇ ಸುತ್ತಲಿನ ಜಗತ್ತು ಮಾಯವಾಗಿ ಅವಳು ಗೋಧಿಯ ಹೊಲದ ನಡುವೆ ನಿಂತಿರುತ್ತಾಳೆ, ದೂರದಲ್ಲಿ ಹೊಳೆಯುವ ಗೋಪುರಗಳ ನಗರ. ಬೆರಳು ತೆಗೆದರೆ ಮತ್ತೆ ಹಳೆಯ ಜಾಗ. ದೃಶ್ಯದ ಜಾಣ್ಮೆ ಇರುವುದು ಇಲ್ಲಿಯೇ: ಕಣ್ಣಿಗೆ ಕಾಣುವುದು ಹೊಲವಾದರೂ ಅವಳ ದೇಹ ಇರುವುದು ಮನೆಯೊಳಗೆ, ಆದ್ದರಿಂದ ಹೊಲದಲ್ಲಿ ನಡೆಯ ಹೊರಟವಳು ಕಾಣದ ಗೋಡೆಗೆ ಢಿಕ್ಕಿ ಹೊಡೆಯುತ್ತಾಳೆ, ಕಾಣದ ಮೆಟ್ಟಿಲುಗಳಿಂದ ಉರುಳುತ್ತಾಳೆ. ಕೊನೆಗೆ ಬಯಲು ಹುಡುಕಿಕೊಂಡು ಹೋಗಿ ಆ ನಗರದೊಳಗೆ ನಡೆದಾಗ ಕ್ಯಾಮೆರಾ ಅವಳ ಜತೆಯಲ್ಲೇ, ಎಲ್ಲೂ ತುಂಡಾಗದಂತೆ ಕಾಣುವ ಒಂದೇ ನಡಿಗೆಯಲ್ಲಿ ಸಾಗುತ್ತದೆ. ಒಂದರ ಕೆಳಗೊಂದು ತೇಲುವ ಈಜುಕೊಳಗಳು, ಮೇಲಿನದರಿಂದ ಕೆಳಗಿನದಕ್ಕೆ ಧುಮುಕುವ ಜನ, ಬಾಹ್ಯಾಕಾಶ ಯಾನಕ್ಕೆ ಹೊರಟ ಯುವಕರು. ಆಮೇಲೆ ಪಿನ್‌ನ ಶಕ್ತಿ ಮುಗಿಯುತ್ತದೆ, ನೋಡಿದರೆ ಅವಳು ಕತ್ತಲಲ್ಲಿ ನೀರಿನೊಳಗೆ ನಿಂತಿದ್ದಾಳೆ. ಭವಿಷ್ಯದ ಬಗ್ಗೆ ಒಂದು ಮಾತೂ ಆಡದೆ ಭವಿಷ್ಯದ ಆಸೆ ಹುಟ್ಟಿಸಿದ ಕೆಲವೇ ನಿಮಿಷಗಳಿವು. ನನ್ನ ಅಭಿಪ್ರಾಯದಲ್ಲಿ ಇಡೀ ಚಿತ್ರದ ಸಾರ್ಥಕ್ಯ ಇಲ್ಲಿದೆ, ಅದರ ಸಮಸ್ಯೆಯ ಬೇರೂ ಇಲ್ಲಿಯೇ ಇದೆ.

ಉಳಿದ ಮೆಚ್ಚುಗೆಗಳನ್ನು ಬೇಗ ಹೇಳಿ ಮುಗಿಸಬಹುದು. ಕ್ಲಾಡಿಯೊ ಮಿರಾಂಡಾ ಅವರ ಛಾಯಾಗ್ರಹಣ, ಮೈಕೆಲ್ ಜಿಯಾಕಿನೊ ಅವರ ಸಂಗೀತ, ಸ್ಪೇನಿನ ವ್ಯಾಲೆನ್ಸಿಯಾದಲ್ಲಿ ಸಾಂಟಿಯಾಗೊ ಕಲಾಟ್ರಾವಾ ವಿನ್ಯಾಸದ ಕಲೆ ಮತ್ತು ವಿಜ್ಞಾನಗಳ ನಗರವನ್ನೇ ನಾಳಿನ ಲೋಕವಾಗಿ ಬಳಸಿಕೊಂಡ ಚತುರತೆ, ಐಫೆಲ್ ಗೋಪುರ ಇಬ್ಭಾಗವಾಗಿ ಅದರೊಳಗಿಂದ ರಾಕೆಟ್ ಹೊರಬರುವ ಕಲ್ಪನೆ, ಇವೆಲ್ಲ ಒಳ್ಳೆಯ ಮಾತು ಪಡೆದವು. ಅಥೀನಾ ಪಾತ್ರದ ಬಾಲನಟಿ ರ್‍ಯಾಫಿ ಕ್ಯಾಸಿಡಿಯ ಅಭಿನಯವಂತೂ ಚಿತ್ರವನ್ನು ಇಷ್ಟಪಡದವರ ಬರಹಗಳಲ್ಲಿಯೂ ಪ್ರಶಂಸೆ ಗಳಿಸಿತು.

ಇನ್ನು ಮುಖ್ಯ ಆಕ್ಷೇಪಕ್ಕೆ ಬರೋಣ. ಚಿತ್ರದ ಅವಧಿ 130 ನಿಮಿಷ. ಶೀರ್ಷಿಕೆಯಲ್ಲಿರುವ ಲೋಕಕ್ಕೆ ಪಾತ್ರಗಳು ನಿಜವಾಗಿ ಕಾಲಿಡುವುದು ಅದರ ಕೊನೆಯ ಭಾಗದಲ್ಲಿ. ಅಷ್ಟು ಹೊತ್ತು ನಡೆಯುವುದು ಬೆನ್ನಟ್ಟುವಿಕೆ, ತಪ್ಪಿಸಿಕೊಳ್ಳುವಿಕೆ, ಗುಟ್ಟನ್ನು ಇನ್ನೂ ಸ್ವಲ್ಪ ಮುಂದಕ್ಕೆ ತಳ್ಳುವ ಸಂಭಾಷಣೆಗಳು. ಕೊನೆಗೆ ತಲುಪಿದಾಗ ಆ ನಗರ ಹೆಚ್ಚುಕಡಿಮೆ ಬರಿದಾಗಿದೆ. ಪಿನ್‌ನಲ್ಲಿ ಕಂಡದ್ದು ಎಂದೋ ತಯಾರಿಸಿ, ಬಳಸದೆ ಬಿಟ್ಟ ಒಂದು ಜಾಹೀರಾತು ಎಂದು ಆಗಲೇ ಗೊತ್ತಾಗಿರುತ್ತದೆ. ಕಥೆಯ ತರ್ಕಕ್ಕೆ ಇದು ಸರಿಯೇ ಇರಬಹುದು: ಕನಸು ಕಂಡವರು ಕೈಚೆಲ್ಲಿದ್ದರಿಂದಲೇ ನಗರ ಪಾಳುಬಿದ್ದಿದೆ. ಆದರೆ ಭರವಸೆಯನ್ನು ಉಣಬಡಿಸುತ್ತೇನೆಂದು ಕರೆದ ಚಿತ್ರ, ಬಂದವರ ಮುಂದೆ ಭರವಸೆಯ ಕುರಿತ ವಾದವನ್ನಿಟ್ಟಿತು ಎಂಬ ಅಸಮಾಧಾನ ಇದರಿಂದಲೇ ಹುಟ್ಟಿತು. 'ನ್ಯೂಯಾರ್ಕ್ ಟೈಮ್ಸ್'ನ ವಿಮರ್ಶಕ ಎ. ಓ. ಸ್ಕಾಟ್ ಇದನ್ನು ಮಾಮೂಲಿ ಸರಣಿ ಚಿತ್ರಗಳ ಸೋಮಾರಿತನದ ಸಾಲಿಗೆ ಸೇರಿಸಲಿಲ್ಲ. ಚಿತ್ರದ ಹಿಂದಿನ ಶ್ರದ್ಧೆ, ನಂಬಿಕೆಗಳನ್ನು ಒಪ್ಪಿಕೊಂಡೇ, ಅದು ತಮ್ಮನ್ನು ಒಪ್ಪಿಸಲೂ ಇಲ್ಲ, ಮೋಡಿ ಮಾಡಲೂ ಇಲ್ಲ ಎಂಬ ಧಾಟಿಯಲ್ಲಿ ಬರೆದರು. ಪ್ರತಿಕೂಲ ವಿಮರ್ಶೆಗಳಲ್ಲಿ ಇಂಥ ಸ್ವರ ಬಹಳ ಕಡೆ ಕೇಳಿಸುತ್ತದೆ.

ವಾದ ಏನೆಂದು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಚಿತ್ರ ಗಟ್ಟಿಯಾಗುವುದೂ ಕುಸಿಯುವುದೂ ಅದರ ಮೇಲೆಯೇ. ಆ ಲೋಕದಲ್ಲಿ ಭವಿಷ್ಯವನ್ನು ಕಾಣಬಲ್ಲ 'ಮಾನಿಟರ್' ಎಂಬ ಬೃಹತ್ ಯಂತ್ರವಿದೆ. ಅದು ಭೂಮಿಯ ಅಂತ್ಯವನ್ನು ತೋರಿಸಿದಾಗ ನಿಕ್ಸ್ ಆ ದೃಶ್ಯಗಳನ್ನು ಎಚ್ಚರಿಕೆಯಾಗಿ ಜನರ ಮನಸ್ಸಿಗೆ ಪ್ರಸಾರ ಮಾಡುತ್ತಾನೆ. ಜನ ಎಚ್ಚೆತ್ತುಕೊಳ್ಳುತ್ತಾರೆ ಎಂಬುದು ಅವನ ಎಣಿಕೆ. ಆದದ್ದೇ ಬೇರೆ: ಜನ ಆ ವಿನಾಶವನ್ನು ಚಪ್ಪರಿಸಿಕೊಂಡು ಸವಿದರು, ಅದನ್ನೇ ಆಟಗಳಾಗಿ, ಸಿನಿಮಾಗಳಾಗಿ, ಪುಸ್ತಕಗಳಾಗಿ ಮಾಡಿಕೊಂಡರು. ಒಂದೇ ಭೂಮಿಯಲ್ಲಿ ಹಸಿವೂ ಬೊಜ್ಜೂ ಒಟ್ಟಿಗೇ ಹಬ್ಬಿರುವುದನ್ನು ತೋರಿಸಿ ನಿಕ್ಸ್ ಕೇಳುವ ಪ್ರಶ್ನೆ ಚುಚ್ಚುತ್ತದೆ. ಕೆಟ್ಟ ನಾಳೆಯನ್ನು ಒಪ್ಪಿಕೊಂಡವರು ಇವತ್ತು ಏನನ್ನೂ ಮಾಡಬೇಕಾಗಿಲ್ಲ, ಅದಕ್ಕೇ ಅವರಿಗೆ ಅದು ಇಷ್ಟ ಎಂಬುದು ಅವನ ತೀರ್ಮಾನ. ಹ್ಯೂ ಲಾರಿ ಈ ಭಾಷಣವನ್ನು ಎಷ್ಟು ಚೆನ್ನಾಗಿ ಆಡುತ್ತಾರೆಂದರೆ ಚಿತ್ರದ ಅತ್ಯಂತ ಹರಿತವಾದ ವಿಚಾರ ಖಳನಾಯಕನ ಪಾಲಾಗಿಬಿಟ್ಟಿದೆ.

ಪರಿಹಾರದ ಹಂತದಲ್ಲಿ ಎಡವಟ್ಟಾಗುತ್ತದೆ. ಜನರ ನಿರಾಸೆಗೆ ಆ ಯಂತ್ರದ ಪ್ರಸಾರವೇ ಕಾರಣವಾದರೆ, ಹೊಣೆ ಜನರದ್ದಲ್ಲ, ಯಂತ್ರದ್ದು. ಯಂತ್ರವನ್ನು ಸ್ಫೋಟಿಸಿದರೆ ಮುಗಿಯಿತು. ಹೊಣೆ ಜನರದ್ದೇ ಆದರೆ ಯಂತ್ರ ನಾಶವಾದ ಮಾತ್ರಕ್ಕೆ ಹವಾಮಾನವಾಗಲಿ ಹಸಿವಾಗಲಿ ಬದಲಾಗುವುದಿಲ್ಲ. ಚಿತ್ರ ಎರಡನ್ನೂ ಒಟ್ಟಿಗೇ ಹೇಳಲು ಹೋಗುತ್ತದೆ. ಭಾಷಣದಲ್ಲಿ ಮನುಷ್ಯರ ಆಲಸ್ಯವನ್ನು ದೂರುತ್ತದೆ, ಕ್ಲೈಮ್ಯಾಕ್ಸ್‌ನಲ್ಲಿ ಬಾಂಬಿನಿಂದ ಸಮಸ್ಯೆ ಬಗೆಹರಿಸುತ್ತದೆ. ಶಾಲೆಯ ದೃಶ್ಯವೊಂದರಲ್ಲಿ ಮೇಷ್ಟ್ರುಗಳು ಒಬ್ಬರಾದ ಮೇಲೊಬ್ಬರು ಪ್ರಳಯದ ಪಾಠ ಮಾಡುತ್ತಿರುವಾಗ ಕೇಸಿ ಕೈಯೆತ್ತಿ, ಇದನ್ನು ಸರಿಪಡಿಸಲು ನಾವು ಏನು ಮಾಡುತ್ತಿದ್ದೇವೆ ಎಂಬರ್ಥದ ಪ್ರಶ್ನೆ ಕೇಳುತ್ತಾಳೆ, ಯಾರಲ್ಲೂ ಉತ್ತರವಿಲ್ಲ. ಅದು ನಗೆಯನ್ನೂ ಬಿಸಿಯನ್ನೂ ಏಕಕಾಲಕ್ಕೆ ಹುಟ್ಟಿಸುವ ದೃಶ್ಯ. ಆದರೆ ಚಿತ್ರ ಮುಗಿಯುವ ಹೊತ್ತಿಗೂ ಆ ಪ್ರಶ್ನೆಗೆ ಉತ್ತರ ಸಿಕ್ಕಿರುವುದಿಲ್ಲ, ಹೊಸ ಪಿನ್‌ಗಳನ್ನು ಹಂಚುವುದಷ್ಟೇ ನಡೆಯುತ್ತದೆ. ಪ್ರತಿಕೂಲವಾಗಿ ಬರೆದವರು ಇದನ್ನು ಪೊಳ್ಳು ಎಂದರು. ಅನುಕೂಲವಾಗಿ ಬರೆದವರು, ಮಕ್ಕಳಿಗಾಗಿ ಮಾಡಿದ ಚಿತ್ರ ಉತ್ತರ ಕೊಡಬೇಕಿಲ್ಲ, ಪ್ರಶ್ನೆ ಕೇಳುವ ಧೈರ್ಯ ಕೊಟ್ಟರೆ ಸಾಕು ಎಂದು ವಾದಿಸಿದರು. ಇದು ರುಚಿಯ ಭೇದವಲ್ಲ, ಕುಟುಂಬದ ಚಿತ್ರವೊಂದರಿಂದ ಎಷ್ಟನ್ನು ಅಪೇಕ್ಷಿಸಬಹುದು ಎಂಬ ತಾತ್ವಿಕ ಭೇದ.

ಚಿತ್ರಕಥೆಯನ್ನು ಬರ್ಡ್ ಜತೆ ಬರೆದವರು ಡೇಮನ್ ಲಿಂಡೆಲಾಫ್. ಕಥೆಯಲ್ಲಿ ಜೆಫ್ ಜೆನ್ಸನ್ ಅವರ ಪಾಲೂ ಇದೆ. 'ಲಾಸ್ಟ್' ಧಾರಾವಾಹಿಯ ದಿನಗಳಿಂದ ಲಿಂಡೆಲಾಫ್ ಮೇಲೆ ಒಂದು ದೂರು ಅಂಟಿಕೊಂಡಿತ್ತು. ಗುಟ್ಟನ್ನು ಹೆಣೆಯುವುದರಲ್ಲಿ ಅವರು ನಿಪುಣರು, ಬಿಚ್ಚುವಾಗ ಜಾರಿಕೊಳ್ಳುತ್ತಾರೆ ಎಂಬುದೇ ಆ ದೂರು. ಅದು ಪೂರ್ತಿ ನ್ಯಾಯವೋ ಅಲ್ಲವೋ, ಈ ಚಿತ್ರದ ವಿಮರ್ಶೆಗಳಲ್ಲಿ ಮಾತ್ರ ಮತ್ತೆ ಎದ್ದು ಬಂತು. ಇನ್ನೊಂದು ಕಡೆ, 'ದಿ ಐರನ್ ಜೈಂಟ್', 'ದಿ ಇನ್‌ಕ್ರೆಡಿಬಲ್ಸ್', 'ರ್‍ಯಾಟಟೂಯಿ' ಮಾಡಿದ ಬರ್ಡ್ ಮೇಲೆ ವಿಮರ್ಶಕರಿಗೆ ಅಪಾರ ವಿಶ್ವಾಸವಿತ್ತು. ಕಥೆಯನ್ನು ತಿಂಗಳುಗಟ್ಟಲೆ ಗುಟ್ಟಾಗಿಟ್ಟು, ಜಾಹೀರಾತುಗಳಲ್ಲಿಯೂ ಹೆಚ್ಚು ಬಿಟ್ಟುಕೊಡದೆ ಹೋದದ್ದರಿಂದ ಆ ವಿಶ್ವಾಸ ನಿರೀಕ್ಷೆಯಾಗಿ ಬೆಳೆಯಿತು. ಹೊಸಬರೊಬ್ಬರು ಇದೇ ಚಿತ್ರವನ್ನು ಮಾಡಿದ್ದರೆ ವಿಮರ್ಶೆಗಳು ಇನ್ನಷ್ಟು ಮೃದುವಾಗಿರುತ್ತಿದ್ದವು ಎಂದು ನನಗನ್ನಿಸುತ್ತದೆ.

ಎರಡನೆಯ ದೊಡ್ಡ ಆಕ್ಷೇಪ ರಾಜಕೀಯದ್ದು. ಕಥೆಯ ಪ್ರಕಾರ ಈ ರಹಸ್ಯ ಲೋಕದ ಹಿಂದಿರುವುದು ಐಫೆಲ್, ಜೂಲ್ಸ್ ವರ್ನ್, ಟೆಸ್ಲಾ, ಎಡಿಸನ್ ಕಟ್ಟಿದ 'ಪ್ಲಸ್ ಅಲ್ಟ್ರಾ' ಎಂಬ ಕಾಲ್ಪನಿಕ ಕೂಟ. ಅಲ್ಲಿಗೆ ಪ್ರವೇಶವಿರುವುದು ಆಯ್ದ ಪ್ರತಿಭಾವಂತರಿಗೆ ಮಾತ್ರ. ಪ್ರತಿಭಾವಂತರು ಉಳಿದವರ ಕಾಟವಿಲ್ಲದ ಜಾಗಕ್ಕೆ ಹೋಗಿ ನೆಮ್ಮದಿಯಾಗಿ ಕೆಲಸ ಮಾಡಬೇಕೆಂಬ ಈ ಆಲೋಚನೆಯಲ್ಲಿ ಕೆಲವರಿಗೆ ಅಮೆರಿಕದ ಲೇಖಕಿ ಐನ್ ರ್‍ಯಾಂಡ್ ಅವರ ವ್ಯಕ್ತಿವಾದದ ನೆರಳು ಕಂಡಿತು. ಬರ್ಡ್ ಅವರ 'ದಿ ಇನ್‌ಕ್ರೆಡಿಬಲ್ಸ್' ಬಗ್ಗೆಯೂ ಇದೇ ಮಾತು ಬಂದಿತ್ತು. ಚಿತ್ರವನ್ನು ಗಮನವಿಟ್ಟು ನೋಡಿದರೆ ಈ ಆರೋಪ ಅರ್ಧ ಮಾತ್ರ ನಿಲ್ಲುತ್ತದೆ. ಬಾಗಿಲು ಮುಚ್ಚಿಕೊಂಡು ಕುಳಿತ ನಿಕ್ಸ್‌ನೇ ಇಲ್ಲಿ ತಪ್ಪಿತಸ್ಥ, ಕೊನೆಯಲ್ಲಿ ಪಿನ್‌ಗಳು ಹಲವು ದೇಶಗಳ, ಹಲವು ಕಸುಬುಗಳ ಜನರ ಕೈಸೇರುತ್ತವೆ. ಹಾಗಿದ್ದರೂ ಬಾಗಿಲು ತೆರೆಯುವುದು ಎಲ್ಲರಿಗೂ ಅಲ್ಲ, ಯಾರೋ ಗುರುತಿಸಿ ಕರೆದವರಿಗಷ್ಟೇ. ಕನಸು ಕಾಣುವವರು ಮತ್ತು ಕಾಣದವರು ಎಂಬ ವಿಂಗಡಣೆಯನ್ನು ಚಿತ್ರ ಒಮ್ಮೆಯೂ ಪ್ರಶ್ನಿಸುವುದಿಲ್ಲ.

ಇದಕ್ಕೆ ಅಂಟಿಕೊಂಡೇ ಬರುವುದು ವ್ಯಾಪಾರದ ಮಾತು. ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ 1955ರಲ್ಲಿ ತೆರೆದ ಡಿಸ್ನಿಲ್ಯಾಂಡ್‌ನ ಒಂದು ವಿಭಾಗದ ಹೆಸರೇ ಟುಮಾರೋಲ್ಯಾಂಡ್. ಹುಡುಗ ಫ್ರ್ಯಾಂಕ್ ರಹಸ್ಯ ಲೋಕಕ್ಕೆ ಜಾರುವುದು 1964ರ ಮೇಳಕ್ಕೆ ಡಿಸ್ನಿಯೇ ನಿರ್ಮಿಸಿಕೊಟ್ಟ 'ಇಟ್ಸ್ ಎ ಸ್ಮಾಲ್ ವರ್ಲ್ಡ್' ದೋಣಿವಿಹಾರದ ಮೂಲಕ. ಮುಂದೆ ಹ್ಯೂಸ್ಟನ್‌ನ ಹಳೆಯ ಆಟಿಕೆಗಳ ಅಂಗಡಿಯೊಂದರ ದೃಶ್ಯದಲ್ಲಿ 'ಸ್ಟಾರ್ ವಾರ್ಸ್' ಸಾಮಗ್ರಿಗಳು ಕಪಾಟು ತುಂಬಿ ನಿಂತಿರುತ್ತವೆ. ಆ ಸರಣಿಯನ್ನು ಡಿಸ್ನಿ 2012ರಲ್ಲಿ ಕೊಂಡಿತ್ತು, ಹೊಸ ಭಾಗ ಅದೇ 2015ರ ಡಿಸೆಂಬರ್‌ನಲ್ಲಿ ಬರಲಿತ್ತು. ಆಶಾವಾದವನ್ನು ಉಪದೇಶಿಸುವವರೇ ಅದರ ಟಿಕೆಟ್ಟನ್ನೂ ಮಾರುತ್ತಿದ್ದಾರೆ ಎಂಬ ಕೊಂಕು ಹೀಗೆ ಹುಟ್ಟಿತು. ಈ ಕೊಂಕಿನಲ್ಲಿ ಹುರುಳಿದ್ದರೂ ಅದಕ್ಕೆ ಅತಿಯಾದ ತೂಕ ಬೇಕಿಲ್ಲ. ದೊಡ್ಡ ಸ್ಟುಡಿಯೊದ ಯಾವ ಚಿತ್ರವೂ ಇದರಿಂದ ಮುಕ್ತವಲ್ಲ.

ಸ್ವರದ ಏರುಪೇರು ಇನ್ನೊಂದು ದೂರು. ಮಕ್ಕಳಿಗೆಂದು ಮಾಡಿದ ಚಿತ್ರದಲ್ಲಿ ಮುಗುಳ್ನಗುವ ಯಂತ್ರಮಾನವರು ಪೊಲೀಸರನ್ನು ಕ್ಷಣದಲ್ಲಿ ಬೂದಿ ಮಾಡುತ್ತಾರೆ, ಕಥೆ ಅವರತ್ತ ತಿರುಗಿಯೂ ನೋಡದೆ ಮುಂದೆ ಓಡುತ್ತದೆ. ಬಾಲಕನಾಗಿ ಅಥೀನಾಳನ್ನು ಪ್ರೀತಿಸಿದ ಫ್ರ್ಯಾಂಕ್ ಈಗ ನಡುವಯಸ್ಸು ದಾಟಿದ್ದಾನೆ, ಅವಳು ಇನ್ನೂ ಹುಡುಗಿ. ಈ ಸಂಬಂಧ ಕೆಲವರಿಗೆ ಮುಜುಗರ ತಂದರೆ, ಇನ್ನು ಕೆಲವರಿಗೆ ಚಿತ್ರದ ಅತ್ಯಂತ ನೋವಿನ, ಅತ್ಯಂತ ನಿಜವಾದ ಎಳೆ ಅದೇ ಆಗಿ ಕಂಡಿತು. ನಾನು ಎರಡನೆಯವರ ಪಕ್ಷ.

ಬಿಡುಗಡೆಯ ಕಾಲವೂ ಚಿತ್ರಕ್ಕೆ ಒಲಿಯಲಿಲ್ಲ. ಕೇವಲ ಒಂದು ವಾರ ಮೊದಲು, ಮೇ 15ರಂದು, ಜಾರ್ಜ್ ಮಿಲ್ಲರ್ ಅವರ 'ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್' ಬಂದಿತ್ತು. ಪ್ರಪಂಚವೆಲ್ಲ ಮರುಭೂಮಿಯಾಗಿ, ನೀರಿಗಾಗಿ ಕಾದಾಡುವ ಕಥೆ. ಅಂದರೆ ನಿಕ್ಸ್ ಬೈಯುವ ಬಗೆಯ ಚಿತ್ರ. 'ಟುಮಾರೋಲ್ಯಾಂಡ್' ತನ್ನೊಳಗೇ 'ಟಾಕ್ಸಿಕಾಸ್ಮಾಸ್ 3' ಎಂಬ ಕಾಲ್ಪನಿಕ ಪ್ರಳಯ ಚಿತ್ರದ ಜಾಹೀರಾತು ಫಲಕವನ್ನು ತೋರಿಸಿ ಅಂಥವುಗಳನ್ನು ಗೇಲಿ ಮಾಡುತ್ತದೆ. ಆದರೆ ಆ ವಾರ ವಿಮರ್ಶಕರು ಎದೆತುಂಬಿ ಹೊಗಳುತ್ತಿದ್ದದ್ದು ಪ್ರಳಯದ ಚಿತ್ರವನ್ನೇ. ಕತ್ತಲೆಯ ಕಥೆಗಳಿಂದಲೇ ಜಗತ್ತು ಕೆಡುತ್ತಿದೆ ಎಂದು ವಾದಿಸುವ ಚಿತ್ರಕ್ಕೆ ಇದಕ್ಕಿಂತ ಕಠಿಣವಾದ ಪ್ರತಿವಾದಿ ಸಿಗುವುದು ಕಷ್ಟ.

ಗಳಿಕೆಯ ವಿಷಯವನ್ನು ವಿಮರ್ಶೆಯೊಂದಿಗೆ ಬೆರೆಸಬಾರದಾದರೂ, ಚಿತ್ರದ ಹೆಸರಿಗೆ ಸೋಲಿನ ಹಣೆಪಟ್ಟಿ ಬಿದ್ದದ್ದು ಹೆಚ್ಚಾಗಿ ಅದರಿಂದ. ನಿರ್ಮಾಣಕ್ಕೆ ಸುಮಾರು 18ರಿಂದ 19 ಕೋಟಿ ಡಾಲರ್ ಖರ್ಚಾಗಿತ್ತು, ಜಗತ್ತಿನಾದ್ಯಂತ ಬಂದ ಗಳಿಕೆ ಸುಮಾರು 20.9 ಕೋಟಿ ಡಾಲರ್. ಮೇಲ್ನೋಟಕ್ಕೆ ಲಾಭವೆನ್ನಿಸಿದರೂ ಚಿತ್ರಮಂದಿರಗಳ ಪಾಲನ್ನು ಕಳೆದು, ಪ್ರಚಾರದ ವೆಚ್ಚವನ್ನು ಸೇರಿಸಿದಾಗ ಡಿಸ್ನಿಗೆ ಹತ್ತು ಕೋಟಿ ಡಾಲರಿಗೂ ಮೀರಿದ ನಷ್ಟವಾಯಿತೆಂದು ಅಂದಾಜಿಸಲಾಯಿತು. ವಿಮರ್ಶಕರ ಅರ್ಧ ಮೆಚ್ಚುಗೆ ಈ ನಷ್ಟದ ಸುದ್ದಿಯಡಿ ಹೂತುಹೋಯಿತು.

ವಿಮರ್ಶಕರಿಗೆ ಆಶಾವಾದವೇ ಹಿಡಿಸುವುದಿಲ್ಲ, ಅದಕ್ಕೇ ಹೀಗಾಯಿತು ಎಂದು ಚಿತ್ರದ ಅಭಿಮಾನಿಗಳಲ್ಲಿ ಕೆಲವರು ಹೇಳುವುದುಂಟು. ಆದರೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ರಿಡ್ಲಿ ಸ್ಕಾಟ್ ಅವರ 'ದಿ ಮಾರ್ಷಿಯನ್' ಈ ಮಾತನ್ನು ಸುಳ್ಳು ಮಾಡಿತು. ಅದೂ ವಿಜ್ಞಾನದ ಮೇಲೆ, ಮನುಷ್ಯರ ಒಗ್ಗಟ್ಟಿನ ಮೇಲೆ ಅಚಲ ನಂಬಿಕೆಯಿಟ್ಟ ಚಿತ್ರ. ಆದರೂ ರಾಟನ್ ಟೊಮ್ಯಾಟೋಸ್‌ನಲ್ಲಿ ಅದು ಶೇ. 90ರ ಗಡಿ ದಾಟಿತು, ಪ್ರೇಕ್ಷಕರಿಂದ 'ಎ' ದರ್ಜೆ ಪಡೆಯಿತು, 60 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಅಲ್ಲಿ ಮಂಗಳ ಗ್ರಹದಲ್ಲಿ ಒಂಟಿಯಾಗಿ ಉಳಿದ ಮಾರ್ಕ್ ವಾಟ್ನಿ ಆಶಾವಾದದ ಬಗ್ಗೆ ಭಾಷಣ ಮಾಡುವುದಿಲ್ಲ. ಇಂಧನದಿಂದ ನೀರು ತಯಾರಿಸುವ ಉಪಾಯ ಹೂಡುತ್ತಾನೆ, ಮೊದಲ ಯತ್ನದಲ್ಲಿ ಸ್ಫೋಟವಾಗುತ್ತದೆ, ಎಲ್ಲಿ ಲೆಕ್ಕ ತಪ್ಪಿತೆಂದು ನೋಡಿ ಮತ್ತೆ ಮಾಡುತ್ತಾನೆ, ಮಲದ ಗೊಬ್ಬರ ಹಾಕಿ ಆಲೂಗೆಡ್ಡೆ ಬೆಳೆಯುತ್ತಾನೆ. ನೋಡುವವರಿಗೆ ಪ್ರತಿ ಸಮಸ್ಯೆಯೂ ಗೊತ್ತು, ಪ್ರತಿ ಪರಿಹಾರದ ಬೆಲೆಯೂ ಗೊತ್ತು. ಕೇಸಿ ನ್ಯೂಟನ್‌ಳನ್ನು ಎಲ್ಲವನ್ನೂ ಸರಿಪಡಿಸಬಲ್ಲ ಹುಡುಗಿಯೆಂದು ಚಿತ್ರ ಮತ್ತೆ ಮತ್ತೆ ಪರಿಚಯಿಸುತ್ತದೆ, ಆದರೆ ಅವಳು ಕುಳಿತು ಒಂದು ವಸ್ತುವನ್ನು ಬಿಚ್ಚಿ, ಕೆಟ್ಟದ್ದೇನೆಂದು ಹುಡುಕಿ, ಸೋತು, ಮತ್ತೆ ಜೋಡಿಸುವುದನ್ನು ನಾವು ಕಾಣುವುದು ತೀರ ಕಡಿಮೆ. 130 ನಿಮಿಷಗಳಲ್ಲಿ ಅಂಥ ಹತ್ತು ನಿಮಿಷಗಳಿದ್ದಿದ್ದರೆ ಬೇಡವೆಂದ ಅರ್ಧದಷ್ಟು ವಿಮರ್ಶಕರಲ್ಲಿ ಹಲವರು ಈಚೆ ಬದಿಗೆ ಬರುತ್ತಿದ್ದರು.